ಕೊಡಲಿ ಎತ್ತದ ಮಕ್ಕಳು: ಜೋಗಪ್ಪ ಪರಂಪರೆಯಲ್ಲಿ ಹಿಂಸೆಯ ಕಥನ ಮತ್ತು ಆಸರೆಯ ಪ್ರಶ್ನೆ

ಉತ್ತರ ಕರ್ನಾಟಕದ ಎಲ್ಲಮ್ಮ ಸಂಪ್ರದಾಯವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನ ಕಡಿಮೆಯೇನಲ್ಲ. ಚೌಡಿಕೆ ಪದಗಳ ಸಂಗ್ರಹ, ಸವದತ್ತಿ ಗುಡ್ಡದ ಜಾತ್ರೆಯ ವರ್ಣನೆ, ದೇವದಾಸಿ ಪದ್ಧತಿಯ ಸಾಮಾಜಿಕ ವಿವೇಚನೆ, ರೇಣುಕೆ-ಮಾತಂಗಿಯರ ಪುರಾಣಗಳ ತೌಲನಿಕ ವಿಶ್ಲೇಷಣೆ ಹೀಗೆ ಅದರ ಕವಲುಗಳು ಹಲವು. ಈ ಬರಹಗಳಲ್ಲೆಲ್ಲ ಜೋಗಪ್ಪ ಒಂದಲ್ಲ ಒಂದು ಕಡೆ ಕಾಣಿಸಿಕೊಳ್ಳುವುದುಂಟು. ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಕಲಾವಿದನಾಗಿ, ಹರಕೆಗೆ ಒಪ್ಪಿಸಲ್ಪಟ್ಟ ಭಕ್ತನಾಗಿ, ಗಂಡು ದೇಹಕ್ಕೆ ಸೀರೆ ಉಟ್ಟ ವಿಸ್ಮಯವಾಗಿ, ಬಹಳವೆಂದರೆ ದೀರ್ಘ ಕಥನವನ್ನು ಬಾಯಲ್ಲಿ ಉಳಿಸಿಕೊಂಡ ಒಳ್ಳೆಯ ವಕ್ತೃವಾಗಿ. ಆದರೆ ಹೊಡೆತ ತಿಂದವರಾಗಿ, ಅತ್ಯಾಚಾರಕ್ಕೊಳಗಾಗಿ ಬದುಕುಳಿದವರಾಗಿ, ಜೊತೆಗಿದ್ದ ಗಂಡಿನಿಂದಲೇ ಜರ್ಜರಿತರಾದವರಾಗಿ ಜೋಗಪ್ಪಗಳು ನಮ್ಮ ಪುಟಗಳಲ್ಲಿ ಬರುವುದು ಅಪರೂಪ. ಅವರು ಹೇಳಲಿಲ್ಲ ಎಂದು ಇದಕ್ಕೆ ಸಮಾಧಾನ ಹೇಳಿಕೊಳ್ಳುವುದು ಸುಲಭ. ಅವರು ಹೇಳುತ್ತಲೇ ಬಂದಿದ್ದಾರೆ ಎಂಬುದು ಈ ಲೇಖನದ ವಾದ. ಅವರು ಹಾಡುವ ಕಥೆಯೇ ಗಂಡನ ಹಿಂಸೆಯ ಕಥೆ. ಅದನ್ನು ನಾವು ಬೇರೆ ಏನೇನೋ ಆಗಿ ಓದಿಕೊಂಡೆವು.

ಕಥೆಯ ಚೌಕಟ್ಟು ಎಲ್ಲರಿಗೂ ಪರಿಚಿತವಾದುದೇ. ಜಮದಗ್ನಿಯ ಮಡದಿ ರೇಣುಕೆ ದಿನವೂ ಮರಳಿನ ಕೊಡ ಮಾಡಿ, ಹಾವಿನ ಸಿಂಬಿಯ ಮೇಲಿಟ್ಟು ನೀರು ತರುವವಳು. ಒಂದು ದಿನ ಹೊಳೆಯಲ್ಲಿ ಜಲಕ್ರೀಡೆಯಾಡುವವರನ್ನು ಕಂಡು ಅವಳ ಮನಸ್ಸು ಕ್ಷಣಕಾಲ ಕದಲುತ್ತದೆ, ಕೊಡ ನಿಲ್ಲುವುದಿಲ್ಲ. ಬರಿಗೈಯಲ್ಲಿ ಬಂದವಳನ್ನು ಗಂಡ ಶಪಿಸುತ್ತಾನೆ. ಮೈತುಂಬ ರೋಗ ಹೊತ್ತು ಅವಳು ಮನೆಯಿಂದ ಹೊರಬೀಳುತ್ತಾಳೆ. ಎಕ್ಕಯ್ಯ ಜೋಗಯ್ಯ ಎಂಬ ಇಬ್ಬರು ಶರಣರು ಅವಳನ್ನು ಕಂಡು ಸಂತೈಸಿ, ಮೀಯುವಂತೆ, ಊರ ಮನೆಗಳಲ್ಲಿ ಜೋಗ ಬೇಡಿ ಉಣ್ಣುವಂತೆ ಹೇಳುತ್ತಾರೆ. ಮೈ ವಾಸಿಯಾಗುತ್ತದೆ. ವಾಸಿಯಾದವಳು ಗಂಡನ ಬಳಿಗೆ ಮರಳುತ್ತಾಳೆ. ಅವನ ಸಿಟ್ಟು ಇಳಿದಿರುವುದಿಲ್ಲ. ತಾಯಿಯ ತಲೆ ಕಡಿಯಿರೆಂದು ಮಕ್ಕಳಿಗೆ ಆಜ್ಞಾಪಿಸುತ್ತಾನೆ. ಹಿರಿಯ ಮಕ್ಕಳು ಒಲ್ಲೆವೆನ್ನುತ್ತಾರೆ. ಅವರಿಗೆ ಶಾಪ ತಟ್ಟುತ್ತದೆ. ಕಿರಿಯವನಾದ ಪರಶುರಾಮ ಕಡಿಯುತ್ತಾನೆ, ಅನಂತರ ವರ ಬೇಡಿ ತಾಯಿಯನ್ನು ಬದುಕಿಸಿಕೊಳ್ಳುತ್ತಾನೆ.

ಸಂಸ್ಕೃತ ಪುರಾಣಗಳ ಆವೃತ್ತಿಗಳಿಗೂ ಗುಡ್ಡದ ಸುತ್ತಿನ ಮೌಖಿಕ ಪಾಠಗಳಿಗೂ ನಡುವೆ ಇರುವ ವ್ಯತ್ಯಾಸಗಳಲ್ಲಿ ಎರಡು ಇಲ್ಲಿ ಮುಖ್ಯ. ಮೊದಲನೆಯದು, ಒಪ್ಪದ ಮಕ್ಕಳಿಗೆ ಏನಾಯಿತು ಎಂಬುದು. ಕೆಲವು ಪಾಠಗಳಲ್ಲಿ ಅವರು ಸುಟ್ಟು ಬೂದಿಯಾಗುತ್ತಾರೆ. ಇನ್ನು ಕೆಲವು ಪಾಠಗಳಲ್ಲಿ ಅವರು ಗಂಡಸುತನ ಕಳೆದುಕೊಳ್ಳುತ್ತಾರೆ, ತಾಯಿಯ ಹಿಂದೆ ನಡೆಯುತ್ತಾರೆ. ಅವರೇ ಜೋಗಪ್ಪಗಳ ಮೂಲಪುರುಷರು. ಎರಡನೆಯದು, ಜೋಗಯ್ಯರ ಪ್ರಸಂಗ. ಮನೆಬಿಟ್ಟ ಹೆಣ್ಣಿನ ಆರೈಕೆಗೆ ಮೌಖಿಕ ಪಾಠ ಒಂದು ಇಡೀ ಘಟ್ಟವನ್ನೇ ಮೀಸಲಿಡುತ್ತದೆ. ಸವದತ್ತಿಗೆ ಹೋಗುವ ಭಕ್ತರು ಇಂದಿಗೂ ಜೋಗುಳಬಾವಿಯಲ್ಲಿ ಮಿಂದೇ ಗುಡ್ಡ ಏರುವುದು ಈ ಘಟ್ಟದ ನೆನಪು.

ಈ ಪುರಾಣಕ್ಕೆ ನಮ್ಮ ವಿದ್ವಾಂಸರು ಕೊಟ್ಟ ಅರ್ಥಗಳನ್ನು ಗಮನಿಸಬೇಕು. ಆರ್ಯ-ದ್ರಾವಿಡ ಸಂಘರ್ಷ, ಮಾತೃಪ್ರಧಾನ ವ್ಯವಸ್ಥೆಯ ಮೇಲೆ ಪಿತೃಪ್ರಧಾನತೆಯ ವಿಜಯ, ಫಲವಂತಿಕೆಯ ಆರಾಧನೆ, ರುಂಡ-ಮುಂಡಗಳ ಅದಲುಬದಲಿನಲ್ಲಿ ಜಾತಿಗಳ ಹೊಂದಾಣಿಕೆ ಎಂಬಿವು ಮತ್ತೆಮತ್ತೆ ಬರುವ ವ್ಯಾಖ್ಯಾನಗಳು. ಇವುಗಳಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಇವೆಲ್ಲವೂ ಕಡಿತವನ್ನು ಸಂಕೇತವಾಗಿಸಿ, ಕಡಿಸಿಕೊಂಡವಳನ್ನು ಮರೆಯುತ್ತವೆ. ಜೋಗಪ್ಪಗಳ ವಿಷಯದಲ್ಲಂತೂ ಈ ಕಥೆಯನ್ನು 'ಮೂಲದ ಐತಿಹ್ಯ' ಎಂಬ ಒಂದೇ ಶೀರ್ಷಿಕೆಯಡಿ ಸೇರಿಸಿ ಮುಂದೆ ಸಾಗುವುದು ರೂಢಿ. ನಿಕೊಲಸ್ ಬ್ರಾಡ್‌ಫರ್ಡ್ ಅವರು 1983ರಲ್ಲಿ ಪ್ರಕಟಿಸಿದ ಪ್ರಬಂಧ ಈ ಸಮುದಾಯವನ್ನು ಕುರಿತ ಮೊದಲ ಗಂಭೀರ ಮಾನವಶಾಸ್ತ್ರೀಯ ಬರಹಗಳಲ್ಲಿ ಒಂದು. ಶಾಖ, ಕಾಮ ಮತ್ತು ಕಾಯಿಲೆ ಎಂಬ ಮೂರು ಪರಿಕಲ್ಪನೆಗಳ ಮೇಲೆ ಅದು ನಿಂತಿದೆ. ಅದು ಆಚರಣೆಯ ತರ್ಕವನ್ನು ಬಿಡಿಸುವಲ್ಲಿ ತೋರುವ ಸೂಕ್ಷ್ಮತೆಯನ್ನು ನಾನು ಗೌರವಿಸುತ್ತೇನೆ. ಆದರೂ ಶಾಖ, ಕಾಮ, ಕಾಯಿಲೆ ಎಂಬ ಆ ಪಟ್ಟಿಯಲ್ಲಿ ಏಟು ಎಂಬ ನಾಲ್ಕನೆಯದಕ್ಕೆ ಜಾಗವಿರಲಿಲ್ಲ.

ಶಾಪ ಪಡೆದ ಮಕ್ಕಳ ಕಥೆಯನ್ನು ಹಾಡುವವರ ನೆಲೆಯಿಂದ ಕೇಳಿದರೆ ಬೇರೊಂದು ಅರ್ಥ ಹೊರಡುತ್ತದೆ. ಇಲ್ಲಿ ಗಂಡಸುತನ ಹೋದದ್ದು ದೋಷದಿಂದಲ್ಲ, ನಿರಾಕರಣೆಯಿಂದ. ತಂದೆಯ ಮಾತಿಗೆ ಕೊಡಲಿ ಎತ್ತಿದವನು ಗಂಡಾಗಿ ಉಳಿದ, ಅವತಾರವೂ ಆದ. ಎತ್ತದವರು ಗಂಡಸರ ಲೆಕ್ಕದಿಂದ ಹೊರಬಿದ್ದರು. ಗಂಡಸುತನಕ್ಕೂ ಹೆಣ್ಣಿನ ಮೇಲೆ ಕೈ ಮಾಡುವ ಅಧಿಕಾರಕ್ಕೂ ಇರುವ ಸಂಬಂಧವನ್ನು ಇಷ್ಟು ನೇರವಾಗಿ ಹೇಳಿದ ಇನ್ನೊಂದು ಪುರಾಣ ನಮ್ಮಲ್ಲಿ ಇದೆಯೇ ಎಂಬುದು ನನಗೆ ಅನುಮಾನ. ಊರಿನ ಬಾಯಲ್ಲಿ ಬೈಗುಳವಾಗಿರುವ ಒಂದು ಸ್ಥಿತಿಗೆ ಈ ಸಮುದಾಯ ಇಂಥ ವಂಶಾವಳಿಯನ್ನು ಕಟ್ಟಿಕೊಂಡಿದೆ. ಇದನ್ನು ಕೇವಲ ಷಂಡತ್ವದ ಕಾರಣಕಥೆ ಎಂದು ವರ್ಗೀಕರಿಸುವುದು ಕಥೆಯನ್ನು ಅದರ ಶತ್ರುವಿನ ಭಾಷೆಯಲ್ಲಿ ಓದಿದಂತೆ.

ಜೋಗಯ್ಯರ ಪ್ರಸಂಗವೂ ಹೀಗೆಯೇ. ಆ ಇಬ್ಬರು ರೇಣುಕೆಯನ್ನು 'ನೀನು ಏನು ತಪ್ಪು ಮಾಡಿದೆ' ಎಂದು ವಿಚಾರಣೆಗೆ ಒಳಪಡಿಸುವುದಿಲ್ಲ. ಮೊದಲು ನೀರು, ಆಮೇಲೆ ಅನ್ನ, ಅದಕ್ಕೊಂದು ದಾರಿ. ಜೋಗ ಬೇಡುವುದು ಇಂದಿಗೂ ಮಂಗಳವಾರ-ಶುಕ್ರವಾರಗಳಂದು ನಡೆಯುವ ಕಟ್ಟುಪಾಡು; ಕಥೆಯ ಪ್ರಕಾರ ಅದು ಮನೆಯಿಂದ ಹೊರಹಾಕಿಸಿಕೊಂಡ ಹೆಣ್ಣು ಹೊಟ್ಟೆ ಹೊರೆದುಕೊಂಡ ಬಗೆ. ಹಿಂಸೆಗೊಳಗಾದವರಿಗೆ ಆಸರೆ ಹೇಗಿರಬೇಕೆಂದು ಇಂದು ತಜ್ಞರು ಹೇಳುವ ಕ್ರಮವೂ ಬಹುಮಟ್ಟಿಗೆ ಇದೇ: ಮೊದಲು ದೇಹದ ಆರೈಕೆ ಮತ್ತು ಸುರಕ್ಷಿತ ತಾಣ, ವಿಚಾರಣೆ ಆಮೇಲೆ. ಆದರೆ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ವಾಸಿಯಾದವಳನ್ನು ಮನೆಗೆ ಕಳಿಸಲಾಗುತ್ತದೆ. ತಲೆ ಹೋಗುವುದು ಆಗ. ಮೊದಲ ಹಿಂಸೆಗಿಂತ ದೊಡ್ಡ ಹಿಂಸೆ ನಡೆಯುವುದು ಮರಳಿದ ಮೇಲೆ ಎಂಬ ಈ ಕ್ರಮ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. 'ಹೊಂದಿಕೊಂಡು ಹೋಗು' ಎಂಬ ಬುದ್ಧಿಮಾತಿನ ಫಲವನ್ನು ಕಥೆ ಬಲ್ಲದು. ಠಾಣೆಗೆ ಬಂದ ಲಿಂಗತ್ವ ಅಲ್ಪಸಂಖ್ಯಾತರನ್ನು ಮನೆಯವರನ್ನು ಕರೆಸಿ ಒಪ್ಪಿಸಿ ಕಳಿಸುವುದೇ ಪರಿಹಾರವೆಂದು ತಿಳಿದವರು ಇಂದಿಗೂ ಇದ್ದಾರೆ. ಅನೇಕರಿಗೆ ಹಿಂಸೆ ಮೊದಲಾಗುವುದೇ ಆ ಮನೆಯಲ್ಲಿ.

ಕಥೆಯಿಂದ ಆಚರಣೆಗೆ ಬಂದರೆ ಚಿತ್ರ ಇನ್ನಷ್ಟು ಸಂಕೀರ್ಣವಾಗುತ್ತದೆ. ಹೆಣ್ಣಿನ ನಡೆ ತೋರುವ ಹುಡುಗನನ್ನು ಮನೆ ಮೊದಲು ಹೊಡೆದು ತಿದ್ದಲು ನೋಡುತ್ತದೆ. ಮೈಮೇಲೆ ಹುಣ್ಣೆದ್ದು, ತಲೆಯಲ್ಲಿ ಜಡೆ ಕಟ್ಟಿ, ಅದು 'ಎಲ್ಲಮ್ಮನ ಕಾಟ'ವೆಂದು ತೀರ್ಮಾನವಾದ ಮೇಲೆ ಅದೇ ಮನೆ ಕೈ ಎತ್ತಲು ಅಂಜುತ್ತದೆ. ಹುಡುಗ ದೇವಿಯ ಸೊತ್ತು. ಅವನನ್ನು ಹೊಡೆದರೆ ಕಾಟ ಹೊಡೆದವನಿಗೆ ತಿರುಗುತ್ತದೆ. ಮುತ್ತು ಕಟ್ಟಿಸಿಕೊಳ್ಳುವುದನ್ನು ಧಾರ್ಮಿಕ ದೀಕ್ಷೆಯಾಗಿ ನಾವು ವಿವರಿಸಿದ್ದೇವೆ. ಅದು ಅದರೊಡನೆ ಒಂದು ರಕ್ಷಣೆಯ ಒಪ್ಪಂದವೂ ಹೌದು. ಕಾನೂನು, ಆಪ್ತಸಮಾಲೋಚನೆ ಯಾವುದೂ ಇಲ್ಲದ ಕಾಲದಲ್ಲಿ, ಮಗುವಿನ ಮೇಲಿನ ಏಟನ್ನು ನಿಲ್ಲಿಸಲು ಒಂದು ಸಮಾಜ ಕಂಡುಕೊಂಡ ಉಪಾಯ ಅದು ಎಂದು ಓದಲು ಸಾಧ್ಯವಿದೆ.

ಈ ಓದನ್ನು ಅತಿಗೆ ಒಯ್ಯಬಾರದು. ಪರಂಪರೆಯನ್ನು ಹೊಗಳುವ ಆತುರ ನಮ್ಮ ಶಾಸ್ತ್ರಕ್ಕೆ ಅಂಟಿದ ಹಳೆಯ ಜಾಡ್ಯ. ದೇವಿ ಕಾಯುವುದು ತನ್ನ ಹೆಸರಿನಲ್ಲಿರುವ ಜೋಗಪ್ಪನನ್ನು. ಪಡಲಗಿ ಇಳಿಸಿ, ರಾತ್ರಿ ಬಸ್ ನಿಲ್ದಾಣದಲ್ಲಿ ಒಬ್ಬರೇ ನಿಂತಾಗ ಆ ಕಾವಲು ಇರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಮುತ್ತಿನಲ್ಲೇ ಇದೆ. ಮುತ್ತು ಕಟ್ಟಿಸಿಕೊಂಡವರು ದೇವಿಗೆ ಸಂದವರಾದ್ದರಿಂದ ಅವರ ಬದುಕಿನಲ್ಲಿರುವ ಗಂಡಸಿಗೆ ಸಂಪ್ರದಾಯದಲ್ಲಿ ಸ್ಥಾನವಿಲ್ಲ, ಹೆಸರೂ ಇಲ್ಲ. ನಗರದ ಹಿಜ್ರಾ ಸಮುದಾಯದಲ್ಲಿ 'ಪಂತಿ' ಎಂಬ ಮಾತಾದರೂ ಇದೆ. ಹೆಸರಿಲ್ಲದ ಸಂಬಂಧದಲ್ಲಿ ನಡೆದ ಹಿಂಸೆಗೆ ದೂರು ಯಾವ ಪದದಿಂದ ಆರಂಭವಾಗಬೇಕು? ಹೊಸ್ತಿಲ ಹುಣ್ಣಿಮೆಯಲ್ಲಿ ಬಳೆ ಒಡೆದು ದೇವಿಯ ವೈಧವ್ಯವನ್ನು ಆಚರಿಸುವ ಸಮುದಾಯವೇ ಭಾರತ ಹುಣ್ಣಿಮೆಯಲ್ಲಿ ಮತ್ತೆ ಬಳೆ ತೊಡುತ್ತದೆ. ರಂಡೆ ಹುಣ್ಣಿಮೆ, ಮುತ್ತೈದೆ ಹುಣ್ಣಿಮೆ ಎಂಬ ಈ ಎರಡು ದಿನಗಳು ಗಂಡನ ಸಾವು-ಬದುಕಿನ ಸುತ್ತ ಹೆಣೆದುಕೊಂಡಿವೆ. ತಲೆ ಕಡಿಸಿದ ಗಂಡನಿಗಾಗಿಯೇ ಈ ದುಃಖ. ಪರಂಪರೆ ಹಿಂಸೆಯನ್ನು ನೆನಪಿಡುತ್ತದೆ, ಹಿಂಸಿಸಿದವನನ್ನು ಕ್ಷಮಿಸಿಯೂ ಬಿಡುತ್ತದೆ.

ಕಥೆ ಮತ್ತು ಆಚರಣೆಗಳಲ್ಲಿ ಮರೆಯಾಗಿ ಇರುವುದನ್ನು ಬಯಲಿಗೆ ತಂದವು ಆತ್ಮಕಥನಗಳು. ತಮಿಳುನಾಡಿನ ನಾಮಕ್ಕಲ್ ಭಾಗದಿಂದ ಬಂದು ಬೆಂಗಳೂರಿನಲ್ಲಿ ಬದುಕು ಕಟ್ಟಿದ ಎ. ರೇವತಿ ಅವರ ಆತ್ಮಕಥೆ 2010ರಲ್ಲಿ ಇಂಗ್ಲಿಷಿನಲ್ಲಿ ಬಂತು, ದು. ಸರಸ್ವತಿ ಅವರು ಅದನ್ನು 'ಬದುಕು ಬಯಲು' ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ರಂಗದ ಮೇಲೂ ತಂದಿತು. ಈ ಕೃತಿಯನ್ನು ಅಸ್ಮಿತೆಯ ಹುಡುಕಾಟದ ಕಥನವಾಗಿ ನಮ್ಮ ವಿಮರ್ಶೆ ಸ್ವಾಗತಿಸಿದೆ. ಅದು ಸರಿಯೇ. ಆದರೆ ಕೃತಿಯ ಬೆನ್ನೆಲುಬು ಇನ್ನೊಂದಿದೆ, ಅದು ಮನೆಗೆ ಮತ್ತೆಮತ್ತೆ ಮರಳುವುದು. ಪ್ರತಿಸಲವೂ ಮನೆ ಏಟಿನಿಂದಲೋ ಅವಮಾನದಿಂದಲೋ ಬರಮಾಡಿಕೊಳ್ಳುತ್ತದೆ. ಒಮ್ಮೆ ಅಣ್ಣನ ಕೈಯಲ್ಲಿ ಕ್ರಿಕೆಟ್ ಬ್ಯಾಟ್ ಇರುತ್ತದೆ. ಹೊರಗೆ ರೌಡಿಗಳ ದಾಳಿ, ಠಾಣೆಯೊಳಗಿನ ಚಿತ್ರಹಿಂಸೆ. ಪ್ರೀತಿಸಿ ಮದುವೆಯಾದವರು ತೊರೆದುಹೋದ ಸಂಕಟವನ್ನೂ ಅವರು ಮುಚ್ಚಿಡುವುದಿಲ್ಲ. ಮೂರೂ ಹಿಂಸೆಗಳನ್ನು ಒಂದೇ ದನಿಯಲ್ಲಿ, ಯಾವುದನ್ನೂ ಕಿರಿದಾಗಿಸದೆ ಹೇಳುವುದು ಈ ಕೃತಿಯ ಬಹುದೊಡ್ಡ ಗುಣ. ಅವರಿಗೆ ದೊರೆತ ಆಸರೆ ಗುರು-ಚೇಲಾ ಸಂಬಂಧದ್ದು. ಅದರ ಬಿಗಿ ನಿಯಮಗಳನ್ನೂ ಅವರು ಮರೆಮಾಚಿಲ್ಲ.

ಇಂಥ ಅನುಭವ ಒಬ್ಬರದಲ್ಲ ಎಂಬುದಕ್ಕೆ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್‌ನ ಕರ್ನಾಟಕ ಘಟಕ 2003ರಲ್ಲಿ ಹೊರತಂದ ವರದಿ ಸಾಕ್ಷಿ. ಬೆಂಗಳೂರಿನ ಕೋತಿ ಮತ್ತು ಹಿಜ್ರಾ ಲೈಂಗಿಕ ಕಾರ್ಯಕರ್ತರ ಮೇಲೆ ನಡೆಯುವ ದೌರ್ಜನ್ಯಗಳನ್ನು ಅವರ ಮಾತುಗಳಲ್ಲಿಯೇ ದಾಖಲಿಸಿದ ಬರಹ ಅದು. ಮಾನವಹಕ್ಕುಗಳ ದಾಖಲೆಯೆಂದು ಜಾನಪದದ ಗ್ರಂಥಸೂಚಿಗಳು ಅದನ್ನು ಹೊರಗಿಟ್ಟಿವೆ. ಸಮಕಾಲೀನ ಮೌಖಿಕ ನಿರೂಪಣೆಗಳ ಸಂಗ್ರಹವೆಂದು ನೋಡಿದರೆ ಅದು ನಮ್ಮದೇ ಕ್ಷೇತ್ರದ ಕೃತಿ.

ಮಂಜಮ್ಮ ಜೋಗತಿ ಅವರ ವಿಷಯದಲ್ಲಿ ಓದಿನ ಸಮಸ್ಯೆ ಬೇರೆ ಬಗೆಯದು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ, 2021ರಲ್ಲಿ ಪದ್ಮಶ್ರೀ ಪಡೆದ ಅವರ ಬದುಕನ್ನು ಅರುಣ್ ಜೋಳದಕೂಡ್ಲಿಗಿ ಅವರು 'ನಡುವೆ ಸುಳಿವ ಹೆಣ್ಣು' ಎಂಬ ನಿರೂಪಣೆಯಾಗಿ ಕಟ್ಟಿಕೊಟ್ಟಿದ್ದಾರೆ. ತಮ್ಮ ಮೇಲೆ ಹಲವರು ಸೇರಿ ಅತ್ಯಾಚಾರ ನಡೆಸಿ ಹಣ ಕಿತ್ತುಕೊಂಡ ಪ್ರಸಂಗವನ್ನು ಮಂಜಮ್ಮನವರು ಸಂದರ್ಶನಗಳಲ್ಲಿಯೂ ಬಿಚ್ಚಿ ಹೇಳಿದ್ದಾರೆ. ಸಾಯಬೇಕೆನಿಸಿದ್ದ ಆ ದಿನಗಳಲ್ಲಿ ದಾವಣಗೆರೆಯ ಬಸ್ ನಿಲ್ದಾಣದ ಬಳಿ ತಂದೆ ಹಾಡುತ್ತ ಮಗ ಕೊಡ ಹೊತ್ತು ಕುಣಿಯುತ್ತಿದ್ದುದನ್ನು ಕಂಡದ್ದು, ಮುಂದೆ ಕಾಳವ್ವ ಜೋಗತಿಯವರ ಬಳಿ ಸೇರಿದ್ದು ಈಗ ಬಹಳ ಜನರಿಗೆ ಗೊತ್ತಿರುವ ಸಂಗತಿ. ಪತ್ರಿಕೆಗಳು ಇದನ್ನು ಹೇಳುವ ರೀತಿ ಹೆಚ್ಚುಕಡಿಮೆ ಒಂದೇ: ನೋವು ಬಂತು, ಕಲೆ ಕಾಪಾಡಿತು, ಪ್ರಶಸ್ತಿ ದೊರೆಯಿತು. ಅತ್ಯಾಚಾರ ಇಲ್ಲಿ ಸಾಧನೆಯ ಮುನ್ನುಡಿಯಾಗಿಬಿಡುತ್ತದೆ. ಅವರು ಹೇಳಿರುವುದರಲ್ಲಿ ಇರುವುದು ಬೇರೆ. ಅಂದು ಅವರನ್ನು ಉಳಿಸಿದ್ದು ಠಾಣೆಯೂ ಅಲ್ಲ, ಆಸ್ಪತ್ರೆಯೂ ಅಲ್ಲ, ಹೆತ್ತ ಮನೆಯೂ ಅಲ್ಲ. ದಾರಿಯಲ್ಲಿ ಕುಣಿಯುತ್ತಿದ್ದ ಬಡ ಕಲಾವಿದರು, ಒಬ್ಬ ಹಿರಿಯ ಜೋಗತಿ. ರೇಣುಕೆಗೆ ಜೋಗಯ್ಯರು ದಕ್ಕಿದ ಹಾಗೆ ಇದು. ಆದರೆ ಕುಣಿಯಲು ಬಾರದವರ, ದನಿಯಿಲ್ಲದವರ ಗತಿಯೇನು? ಕಲೆಯನ್ನೇ ಆಸರೆಯೆಂದು ಕೊಂಡಾಡುವಾಗ ಕಲೆಯಿಲ್ಲದವರಿಗೆ ಆಸರೆಯ ಹಕ್ಕಿಲ್ಲವೆಂದು ನಾವು ಅರಿಯದೆ ಒಪ್ಪಿಕೊಂಡಿರುತ್ತೇವೆ.

ಆ ಹಕ್ಕು ಕಾನೂನಿನಲ್ಲಿ ಎಷ್ಟರಮಟ್ಟಿಗೆ ಇದೆ ಎಂಬುದನ್ನು ಸಂಕ್ಷೇಪವಾಗಿ ನೋಡಬಹುದು. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಅದೇ ವರ್ಷ ಕೇಂದ್ರ ಆರೋಗ್ಯ ಸಚಿವಾಲಯ ಲೈಂಗಿಕ ಹಿಂಸೆಗೊಳಗಾದವರ ವೈದ್ಯಕೀಯ ಆರೈಕೆಗಾಗಿ ಹೊರಡಿಸಿದ ಮಾರ್ಗಸೂಚಿ, ಲಿಂಗತ್ವ ಅಲ್ಪಸಂಖ್ಯಾತರನ್ನು ಪರೀಕ್ಷಿಸುವಾಗ ವಹಿಸಬೇಕಾದ ಎಚ್ಚರಗಳನ್ನೂ ಹೇಳಿತು. 2019ರ ಕಾಯ್ದೆಯ 18ನೆಯ ಪ್ರಕರಣ ಇವರ ಮೇಲಿನ ದೈಹಿಕ, ಲೈಂಗಿಕ, ಮಾನಸಿಕ, ಆರ್ಥಿಕ ದೌರ್ಜನ್ಯಗಳೆಲ್ಲವನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ 6 ತಿಂಗಳಿಂದ 2 ವರ್ಷದವರೆಗಿನ ಶಿಕ್ಷೆಯನ್ನು ಇಟ್ಟಿತು. ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆ 10 ವರ್ಷ. ಈ ಅಂತರಕ್ಕೆ ವ್ಯಾಖ್ಯಾನ ಬೇಕಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅತ್ಯಾಚಾರದ ವ್ಯಾಖ್ಯೆ ಗಂಡು-ಹೆಣ್ಣು ಎಂಬ ಚೌಕಟ್ಟಿನಲ್ಲಿಯೇ ಉಳಿಯಿತು. ಹಳೆಯ 377ನೆಯ ಕಲಮಿನಲ್ಲಿ 2018ರ ತೀರ್ಪಿನ ನಂತರವೂ ಉಳಿದುಕೊಂಡಿದ್ದ, ಒಪ್ಪಿಗೆಯಿಲ್ಲದ ಕೃತ್ಯಗಳನ್ನು ಶಿಕ್ಷಿಸುವ ಭಾಗವೂ ಅದರಲ್ಲಿ ಇಲ್ಲವಾಯಿತು. ಸಂಗಾತಿಯ ಹಿಂಸೆಯ ವಿಷಯದಲ್ಲಿ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ 'ಮಹಿಳೆ'ಗೆ ಮಾತ್ರ ಮೀಸಲು. ಶಸ್ತ್ರಚಿಕಿತ್ಸೆಯ ಮೂಲಕ ಹೆಣ್ಣಾದವರೂ ಆ ಪದದೊಳಗೆ ಬರುತ್ತಾರೆಂದು ಬಾಂಬೆ ಉಚ್ಚ ನ್ಯಾಯಾಲಯ 2023ರಲ್ಲಿ ಹೇಳಿತು. ಹೆಚ್ಚಿನ ಜೋಗಪ್ಪಗಳು ಶಸ್ತ್ರಚಿಕಿತ್ಸೆಗೆ ಒಳಗಾಗುವುದಿಲ್ಲ. ಅವರ ಹೆಣ್ತನಕ್ಕೆ ಆಧಾರ ದೇವಿಯೇ ಹೊರತು ವೈದ್ಯರ ಪತ್ರವಲ್ಲ. ಆ ತೀರ್ಪಿನ ನೆರಳು ಅವರವರೆಗೆ ಚಾಚುವುದೇ ಎಂಬುದು ತೆರೆದ ಪ್ರಶ್ನೆ.

ಪದಗಳ ಬಗ್ಗೆ ಒಂದು ಮಾತು. ಠಾಣೆ ಮತ್ತು ಪತ್ರಿಕೆಗಳ ಕನ್ನಡದಲ್ಲಿ ಹಿಂಸೆಗೊಳಗಾದವರು 'ಸಂತ್ರಸ್ತೆ', ಇಲ್ಲವೇ 'ನೊಂದ ಮಹಿಳೆ'. ಪದದ ಕೊನೆಯಲ್ಲೇ ಲಿಂಗವನ್ನು ಕೂರಿಸಿರುವುದರಿಂದ ದೂರು ದಾಖಲಾಗುವ ಮುಂಚೆ 'ಇದು ಗಂಡೋ ಹೆಣ್ಣೋ' ಎಂಬ ವಿಚಾರಣೆ ನಡೆದುಬಿಡುತ್ತದೆ. ಕನ್ನಡದ ಬಹುವಚನ ಇದಕ್ಕಿಂತ ಉದಾರಿ. ಅವನು, ಅವಳು ಎರಡನ್ನೂ ಅದು 'ಅವರು' ಎಂದು ಒಂದಾಗಿಸುತ್ತದೆ, ಗೌರವವನ್ನೂ ಸೇರಿಸುತ್ತದೆ. 'ನೊಂದವರು' ಎಂಬ ಸರಳ ಪದ ನಮ್ಮಲ್ಲಿ ಇರುವಾಗ ಹೊಸದನ್ನು ಟಂಕಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಇಲ್ಲಿಯವರೆಗಿನ ಚರ್ಚೆ ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವರ ಸುತ್ತಲೇ ಇದೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರಿಗೆ ಜೋಗಪ್ಪಗಳಿಗಿರುವಂಥ ಪುರಾಣವಿಲ್ಲ, ಗುರುಮನೆಯಿಲ್ಲ, ಹಾಡಲು ಚೌಡಿಕೆಯಿಲ್ಲ. ಅವರ ಮೇಲಿನ ಹಿಂಸೆ ಮನೆಯ ಒಳಕೋಣೆಯಲ್ಲಿ, ಬಲವಂತದ ಮದುವೆಯ ಹೆಸರಿನಲ್ಲಿ ನಡೆಯುತ್ತದೆ. ಮದುವೆಯೊಳಗಿನ ಬಲಾತ್ಕಾರವನ್ನು ಕಾನೂನು ಅತ್ಯಾಚಾರವೆಂದು ಕರೆಯುವುದೂ ಇಲ್ಲ. ಜಾನಪದ ವಿದ್ವಾಂಸರಿಗೆ ಇಲ್ಲಿ ಸಂಗ್ರಹಿಸಲು ಏನೂ ಸಿಗದಿರುವುದರಿಂದ ಅವರು ನಮ್ಮ ಶಾಸ್ತ್ರಕ್ಕೆ ಇಲ್ಲವೇ ಆಗಿದ್ದಾರೆ. ಪ್ರದರ್ಶನ ಕಲೆಯಿಲ್ಲದ ಸಮುದಾಯವನ್ನು ಜಾನಪದ ಹೇಗೆ ಕಾಣಬೇಕು ಎಂಬ ಪ್ರಶ್ನೆಯನ್ನು ಇದು ಎದುರಿಗಿಡುತ್ತದೆ.

ಇನ್ನು ಕ್ಷೇತ್ರಕಾರ್ಯದ ಸಂಗತಿ. ಪದ ಮುಗಿದು, ಚೌಡಿಕೆ ಕೆಳಗಿಟ್ಟು, ಚಹ ಕುಡಿಯುವ ಹೊತ್ತಿಗೆ ಹಾಡಿದವರು ತಮ್ಮ ಬದುಕಿನ ಮಾತು ತೆಗೆಯುವುದು ಕ್ಷೇತ್ರಕ್ಕೆ ಹೋದ ಎಲ್ಲರ ಅನುಭವ. ವಾದ್ಯದ ದನಿ ನಿಂತೊಡನೆ ಧ್ವನಿಮುದ್ರಣವೂ ನಿಲ್ಲುವುದು ನಮ್ಮ ವಾಡಿಕೆ. ಆ ಮಾತಿನಲ್ಲಿ ನಿನ್ನೆಯ ಹೊಡೆತದ, ಹೋದ ವರ್ಷದ ಅತ್ಯಾಚಾರದ ಸುದ್ದಿ ಇದ್ದರೆ ಸಂಶೋಧಕರು ಏನು ಮಾಡಬೇಕು? ನಮ್ಮ ಕ್ಷೇತ್ರಕಾರ್ಯದ ಕೈಪಿಡಿಗಳು ವಕ್ತೃವಿನ ವಯಸ್ಸು, ಜಾತಿ, ಊರು, ಹಾಡು ಕಲಿತ ಬಗೆಗಳನ್ನು ಕೇಳಲು ಹೇಳುತ್ತವೆ. ಇಂಥ ಗಳಿಗೆಯ ಬಗ್ಗೆ ಮೌನ ತಾಳುತ್ತವೆ. ಯಂತ್ರವನ್ನು ಮತ್ತೆ ಚಾಲೂ ಮಾಡುವುದು ಉತ್ತರವಲ್ಲ. ಅಂಥ ಮಾತು ಮೊದಲು ಕೇಳಿಸಿಕೊಳ್ಳಬೇಕಾದ ಮಾತು. ಏನು ಬೇಕೆಂದು ಅವರನ್ನೇ ಕೇಳಬೇಕು; ಆಸ್ಪತ್ರೆಗೋ ಠಾಣೆಗೋ ಹೋಗುವ ತೀರ್ಮಾನ ಅವರದಾಗಿರಬೇಕು; ಹೋಗುವುದಾದರೆ ಜೊತೆಗೆ ಹೋಗಬೇಕು, ಹೋಗದಿದ್ದರೆ ಒತ್ತಾಯಿಸಬಾರದು. ಕೇಳಿದ್ದನ್ನು ಗುರುವಿಗೂ ಮನೆಯವರಿಗೂ ಸಹಸಂಶೋಧಕರಿಗೂ ಹೇಳಬಾರದು. ಹಿಂಸಿಸಿದವನು ಅದೇ ಓಣಿಯವನಾಗಿರಬಹುದು, ಕೆಲವೊಮ್ಮೆ ಮೇಳದವನೇ ಆಗಿರಬಹುದು. ಹಾಗಿರುವಾಗ ಹೆಸರು ಬದಲಿಸಿ ಊರು ಉಳಿಸಿ ಅಚ್ಚು ಹಾಕಿದರೆ ಗುರುತು ಮರೆಯಾಗುವುದಿಲ್ಲ. ನಾಲ್ಕು ಮನೆ ಜೋಗಪ್ಪಗಳಿರುವ ಹಳ್ಳಿಯಲ್ಲಿ ಊರಿನ ಹೆಸರೇ ವಿಳಾಸ.

ಹೀಗೆ ಸಂಗ್ರಹವಾದ ಧ್ವನಿಸುರುಳಿಗಳು ನಮ್ಮ ವಿಶ್ವವಿದ್ಯಾಲಯಗಳ ವಿಭಾಗಗಳಲ್ಲಿ, ಖಾಸಗಿ ಕಪಾಟುಗಳಲ್ಲಿ ಇವೆ. ಈಗ ಅವುಗಳನ್ನು ಡಿಜಿಟಲೀಕರಿಸಿ ಎಲ್ಲರಿಗೂ ತೆರೆಯುವ ಮಾತು ನಡೆಯುತ್ತಿದೆ. ಹಾಡಿನ ಹಿಂದೆಮುಂದೆ ಅಕಸ್ಮಾತ್ತಾಗಿ ಉಳಿದುಹೋದ ಮಾತುಗಳನ್ನು ಯಾರೂ ಪೂರ್ತಿಯಾಗಿ ಕೇಳಿ ನೋಡಿಲ್ಲ. ತೆರೆಯುವ ಮುನ್ನ ಅವುಗಳನ್ನು ಮೊದಲು ಕೇಳಬೇಕಾದವರು ಗ್ರಂಥಪಾಲಕರೂ ಅಲ್ಲ, ನಾವೂ ಅಲ್ಲ. ಬದುಕಿದ್ದರೆ ಹಾಡಿದವರು, ಇಲ್ಲವಾದರೆ ಅವರ ಕೊಡವನ್ನು ಹೊತ್ತ ಶಿಷ್ಯರು. ಯಾವ ಮಾತು ಉಳಿಯಬೇಕು, ಯಾವುದು ಅಳಿಯಬೇಕು ಎಂದು ಅವರು ಹೇಳಲಿ. ಅದಕ್ಕೆ ಬೇಕಾಗುವ ಪ್ರಯಾಣಭತ್ಯೆಯನ್ನು ಡಿಜಿಟಲೀಕರಣದ ಅಂದಾಜುಪಟ್ಟಿಯಲ್ಲಿಯೇ ಸೇರಿಸಬಹುದು.